ಇಪ್ಪತ್ತೆರಡು ಅಂಗಡಿಗಳ ಲೆಕ್ಕ

(ದಾವಣಗೆರೆಯಲ್ಲಿ ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಸಮಯ ಸಾಲದೆ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಅಪ್ಪ ಇದೇ ಊರಿನ ಮಂಡಿಪೇಟೆಯಲ್ಲಿ ಗುಮಾಸ್ತರಾಗಿದ್ದರು. ಒಂದೇ ಅಂಗಡಿ, ಮೂವತ್ತೊಂದು ವರ್ಷ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕಿರ್ದಿ ಪುಸ್ತಕ ತೆಗೆದರೆ, ರಾತ್ರಿ ರೋಕಡ ಕೂಡಿಸಿ, ಗಲ್ಲಾಪೆಟ್ಟಿಗೆಗೂ ಪುಸ್ತಕಕ್ಕೂ ತಾಳೆ ಬಂದ ಮೇಲೇ ಮನೆಗೆ ಬರುತ್ತಿದ್ದರು. ತಾಳೆ ಆಗದ ದಿನ ಮನೆಯಲ್ಲಿ ಎಲ್ಲರಿಗೂ ಊಟ ತಡ. ದೀಪಾವಳಿ ಅಮಾವಾಸ್ಯೆಗೆ ಅಂಗಡಿ ಪೂಜೆಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೆಂಪು ರಟ್ಟಿನ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ 'ಶ್ರೀ' ಬರೆಯುವುದು ಅಪ್ಪನ ಕೆಲಸ. ಸಾವ್ಕಾರರು ಪಕ್ಕದಲ್ಲೇ ನಿಂತಿರುತ್ತಿದ್ದರು. ಬರೆಯುವ ಕೈ ಮಾತ್ರ ಅಪ್ಪನದು. ಅದು ಆಗ ನನಗೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಈಗಲೂ ಕಾಣುತ್ತದೆ.

ನಾನು ಮಾಡುತ್ತಿರುವುದೂ ಅದೇ ಕೆಲಸ. ಅಪ್ಪ ಒಬ್ಬರ ಗುಮಾಸ್ತ. ನಾನು ಸ್ವತಂತ್ರ ಸಲಹೆಗಾರ್ತಿ, ಇವತ್ತಿಗೆ ಇಪ್ಪತ್ತೆರಡು ಕಡೆ ಹೋಗುತ್ತೇನೆ, ಯಾರ ಸಂಬಳದಲ್ಲೂ ಇಲ್ಲ. ಮಂಡಿ, ಜವಳಿ ಅಂಗಡಿ, ಗೊಬ್ಬರದ ಅಂಗಡಿ, ಎರಡು ಅಕ್ಕಿ ಗಿರಣಿ, ಒಂದು ಔಷಧಿ ಏಜೆನ್ಸಿ. ಟ್ಯಾಲಿ ಅಂದರೆ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್, ಅದಕ್ಕೇ ಅಂಗಡಿಯವರು ನನ್ನನ್ನು 'ಟ್ಯಾಲಿ ಮೇಡಂ' ಅನ್ನುತ್ತಾರೆ. ನಾನು ದಿನದ ಎಂಟ್ರಿ ಹಾಕುವವಳಲ್ಲ, ಅದಕ್ಕೆ ಅಂಗಡಿಯಲ್ಲೇ ಒಬ್ಬರು ಇರುತ್ತಾರೆ. ಆಡಿಟರ್ ಕೂಡ ಅಲ್ಲ, ನನಗೆ ಸಹಿ ಮಾಡುವ ಅಧಿಕಾರ ಇಲ್ಲ. ಲೆಕ್ಕದ ಸಾಫ್ಟ್‌ವೇರನ್ನು ಆ ಅಂಗಡಿಗೆ ಹೊಂದಿಸಿ ಕೊಡುವುದು, ಅಲ್ಲಿನವರಿಗೆ ಕಲಿಸುವುದು, ಕೆಟ್ಟದ್ದನ್ನು ಸರಿಮಾಡುವುದು, ಯಾವುದು ಬೇಕು ಯಾವುದು ಬೇಡ ಅಂತ ಹೇಳುವುದು. ಇಷ್ಟು ನನ್ನ ಕೆಲಸ. ಇದರಲ್ಲಿ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಒಂದು ಹಳೆಯ ಸಂಗತಿ. ಟ್ಯಾಲಿ ಹುಟ್ಟಿದ್ದು 1986ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅಂತ ಒಬ್ಬ ವ್ಯಾಪಾರಿ, ಜವಳಿ ಗಿರಣಿಗಳಿಗೆ ಯಂತ್ರದ ಬಿಡಿಭಾಗ, ಕಚ್ಚಾ ಮಾಲು ಪೂರೈಸುತ್ತಿದ್ದವರು. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಎಲ್ಲೂ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾಗೆ 'ನೀನೇ ಮಾಡು' ಅಂದರು. ಆ ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ದಾವಣಗೆರೆ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಗಿರಣಿಗಳಿಗೆ ಮಾಲು ಕೊಡುವ ಒಬ್ಬ ವ್ಯಾಪಾರಿಯ ತಲೆನೋವಿನಿಂದ ಆ ಸಾಫ್ಟ್‌ವೇರ್ ಹುಟ್ಟಿತು. ಮೊದಲು ಅಂಗಡಿ, ಆಮೇಲೆ ಸಾಫ್ಟ್‌ವೇರ್. ನಮ್ಮಲ್ಲಿ ಈಗ ಇದು ತಲೆಕೆಳಗಾಗಿದೆ. ಆರು ತಿಂಗಳ ಕೋರ್ಸ್ ಮುಗಿಸಿದ ಹುಡುಗರಿಗೆ ಎಫ್8 ಒತ್ತಿದರೆ ಸೇಲ್ಸ್, ಎಫ್9 ಒತ್ತಿದರೆ ಪರ್ಚೇಸ್ ಅನ್ನುವುದು ಬಾಯಿಪಾಠ. ಆದರೆ ಮಾಲು ಯಾವ ಬಾಗಿಲಿಂದ ಒಳಗೆ ಬಂತು, ಯಾರು ತೂಕ ಮಾಡಿದರು, ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಒಂದು ಗೊಬ್ಬರದ ಅಂಗಡಿಯ ಕತೆ ಹೇಳುತ್ತೇನೆ. ಹೊನ್ನಾಳಿ ಕಡೆಯದು. 'ಮೇಡಂ, ಸಾಫ್ಟ್‌ವೇರ್ ಕೆಟ್ಟಿದೆ, ಸ್ಟಾಕ್ ತಾಳೆ ಆಗ್ತಿಲ್ಲ' ಅಂತ ಫೋನ್ ಬಂತು. ಹೋದೆ. ಕಂಪ್ಯೂಟರ್‌ನಲ್ಲಿ ಚೀಲದ ಲೆಕ್ಕ ಸರಿ ಇದೆ, ಟನ್ ಲೆಕ್ಕ ಮಾತ್ರ ತಪ್ಪು. ಯೂರಿಯಾ ಬಂದಷ್ಟೂ ವ್ಯತ್ಯಾಸ ಜಾಸ್ತಿ ಆಗುತ್ತಿದೆ. ಎರಡು ಗಂಟೆ ಪರದೆ ನೋಡಿದೆ, ಏನೂ ಹೊಳೆಯಲಿಲ್ಲ. ಹೊರಗೆ ಲಾರಿಯಿಂದ ಮಾಲು ಇಳಿಸುತ್ತಿದ್ದರು. ಗೋಡೌನ್ ಬಾಗಿಲಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಒಬ್ಬ ಹಮಾಲಣ್ಣ ನೀರು ಕುಡಿಯಲು ಬಂದ. 'ಯಾವ ಚೀಲ ಭಾರ ಅಣ್ಣ?' ಅಂತ ಸುಮ್ನೆ ಮಾತಿಗೆ ಕೇಳಿದೆ. 'ಡಿಎಪಿ ಭಾರ ಅಕ್ಕಾ. ಯೂರಿಯಾ ಈಗ ಹಗುರ, ಮೊದಲಿನಂಗಿಲ್ಲ' ಅಂದ.

ಅಷ್ಟೇ. 2018ರಲ್ಲಿ ಯೂರಿಯಾ ಚೀಲ 50 ಕಿಲೋದಿಂದ 45 ಕಿಲೋಗೆ ಇಳಿಯಿತು. ಡಿಎಪಿ 50ರಲ್ಲೇ ಉಳಿಯಿತು. ಅಂಗಡಿಯ ಸಾಫ್ಟ್‌ವೇರ್‌ನಲ್ಲಿ ಅದಕ್ಕೂ ಮೊದಲು ಯಾರೋ 'ಒಂದು ಚೀಲ ಅಂದರೆ 50 ಕಿಲೋ' ಅಂತ ಹಾಕಿದ್ದರು. ಹಾಕಿದ ದಿನ ಅದು ಸರಿಯೇ ಇತ್ತು. ಈಗ 400 ಚೀಲ ಯೂರಿಯಾ ಬಂದರೆ ಕಂಪ್ಯೂಟರ್ 20 ಟನ್ ಅನ್ನುತ್ತದೆ, ಗೋಡೌನ್‌ನಲ್ಲಿ ಇರುವುದು 18 ಟನ್. ಸಬ್ಸಿಡಿ ಗೊಬ್ಬರ ಬೇರೆ, ರೈತನ ಆಧಾರ್ ತೆಗೆದುಕೊಂಡು ಪಿಒಎಸ್ ಯಂತ್ರದಲ್ಲೂ ಮಾರಾಟ ತೋರಿಸಬೇಕು. ಆ ಯಂತ್ರದ ಸ್ಟಾಕಿಗೂ ಇದಕ್ಕೂ ಹೊಂದದಿದ್ದರೆ ಅಂಗಡಿಯವರ ಎದೆ ಹೊಡೆದುಕೊಳ್ಳುವುದು ಸಹಜ, ಅಲ್ವಾ? ಸರಿಮಾಡಲು ಅರ್ಧ ದಿನ ಹಿಡಿಯಿತು. ಕಾರಣ ಸಿಕ್ಕಿದ್ದು ಹಮಾಲಣ್ಣನ ಹೆಗಲಿನಿಂದ. ಅವತ್ತಿನಿಂದ ನಾನು ಯಾವ ಹೊಸ ಅಂಗಡಿಗೆ ಹೋದರೂ ಮೊದಲ ದಿನ ಕೀಬೋರ್ಡ್ ಮುಟ್ಟುವುದಿಲ್ಲ. ಗೋಡೌನ್, ತಕ್ಕಡಿ, ಬಿಲ್ ಬುಕ್, ಗಲ್ಲಾ. ಈ ನಾಲ್ಕನ್ನು ನೋಡುತ್ತೇನೆ. ಚಹಾ ಕೊಟ್ಟರೆ ಕುಡಿಯುತ್ತಾ ನೋಡುತ್ತೇನೆ.

ಅದೇ ಅಂಗಡಿಯಲ್ಲಿ ಒಂದೇ ಬಿಲ್‌ನಲ್ಲಿ ಮೂರು ಥರದ ತೆರಿಗೆ ಇರುತ್ತದೆ. ಬಿತ್ತನೆ ಬೀಜಕ್ಕೆ ಇಲ್ಲ, ಗೊಬ್ಬರಕ್ಕೆ 5, ಕೀಟನಾಶಕಕ್ಕೆ 18. ಕೌಂಟರ್‌ನಲ್ಲಿ ಮಳೆಗಾಲದಲ್ಲಿ ಇಪ್ಪತ್ತು ಜನ ರೈತರು ನಿಂತಿರುತ್ತಾರೆ. ಆಗ ಬಿಲ್ ಹಾಕುವ ಹುಡುಗ ಯೋಚನೆ ಮಾಡುತ್ತಾ ಕೂರಲು ಆಗುವುದಿಲ್ಲ. ಅವನು ಹೆಸರು ಆರಿಸಿದರೆ ತೆರಿಗೆ ತಾನಾಗಿ ಬರಬೇಕು. ಹಾಗೆ ಬರುವಂತೆ ಮೊದಲೇ ಮಾಸ್ಟರ್, ಅಂದರೆ ಪ್ರತಿ ಮಾಲಿನ ಹೆಸರು, ತೆರಿಗೆ ದರದ ಪಟ್ಟಿ, ಕಟ್ಟಿಡುವುದೇ ನಮ್ಮ ಕಸುಬು.

ಮಂಡಿಯ ಲೆಕ್ಕ ಇನ್ನೂ ಬೇರೆ. ನಿಮ್ಮಲ್ಲಿ ಎಷ್ಟೋ ಜನ ರೈತರ ಮನೆಯವರು, ನಿಮಗೆ ಗೊತ್ತಿರುತ್ತದೆ. ಸುಗ್ಗಿಯಲ್ಲಿ ಮೆಕ್ಕೆಜೋಳ ಟ್ರ್ಯಾಕ್ಟರ್‌ಗಟ್ಟಲೆ ಬರುತ್ತದೆ. ಹರಾಜು, ತೂಕ, ಆಮೇಲೆ ರೈತನ ಕೈಗೆ ಪಟ್ಟಿ, ಅಂದರೆ ಲೆಕ್ಕದ ಚೀಟಿ. ಮೊದಲೇ ಕೊಟ್ಟ ಮುಂಗಡ ಇದ್ದರೆ ಮುರಿದುಕೊಂಡು ಉಳಿದದ್ದನ್ನು ದಲಾಲರು ರೈತನಿಗೆ ಕೊಡುತ್ತಾರೆ. ಖರೀದಿದಾರರಿಂದ ದುಡ್ಡು ಬರುವುದು ಹದಿನೈದು ದಿನಕ್ಕೋ ತಿಂಗಳಿಗೋ. ನಡುವೆ ಸಿಕ್ಕಿಕೊಂಡಿರುವ ದುಡ್ಡು ದಲಾಲರದು. ಹಾಗಾಗಿ ಮಂಡಿಯವರಿಗೆ ದಿನಾ ಬೇಕಾದ ಉತ್ತರ ಒಂದೇ: ಯಾರಿಂದ ಎಷ್ಟು ಬರಬೇಕು, ಎಷ್ಟು ದಿನ ಆಯಿತು? ಲಾಭ ನಷ್ಟದ ಪಟ್ಟಿ ಅವರು ಮಾರ್ಚ್‌ವರೆಗೂ ಕೇಳುವುದಿಲ್ಲ.

ನಾನು ಹೋದ ಒಂದು ಮಂಡಿಯಲ್ಲಿ ಮೊದಲು ಕೆಲಸ ಮಾಡಿದ್ದವರು ಬಂದ ಪ್ರತಿ ರೈತನಿಗೂ ಒಂದೊಂದು ಲೆಡ್ಜರ್, ಅಂದರೆ ಬೇರೆ ಖಾತೆ, ತೆರೆದಿದ್ದರು. ಸಾವಿರದ ಎಂಟುನೂರು ಲೆಡ್ಜರ್. ಅದರಲ್ಲಿ ಹನುಮಂತಪ್ಪ ಅಂತ ಹನ್ನೊಂದು. ಒಬ್ಬ ಹನುಮಂತಪ್ಪನ ಮುಂಗಡ ಇನ್ನೊಬ್ಬ ಹನುಮಂತಪ್ಪನ ಜೋಳದಲ್ಲಿ ಮುರಿದುಹೋಗಿತ್ತು. ಆ ಮನುಷ್ಯ ಜಗಳೂರು ಕಡೆಯಿಂದ ಮೂರು ಸಲ ಬಸ್ಸಿನಲ್ಲಿ ಬಂದು ಹೋಗಿದ್ದರು. ಅವರ ಮುಖ ನನಗೆ ಇನ್ನೂ ನೆನಪಿದೆ. ಬಯ್ಯಲೂ ಇಲ್ಲ, ಪಟ್ಟಿಯನ್ನು ಮಡಚಿ ಮಡಚಿ ಹಿಡಿದುಕೊಂಡಿದ್ದರು. ಲೆಕ್ಕದಲ್ಲಿ ಒಂದು ಹೆಸರು ತಪ್ಪಿದರೆ ಅದು ಒಬ್ಬರ ಮನೆಯ ದುಡ್ಡು. ನಾವು ಪರದೆ ಮೇಲೆ ನೋಡುವಾಗ ಅದು ಬರೀ ಸಾಲು.

ನಾವು ಮಾಡಿದ್ದು ಇಷ್ಟು. ಅವತ್ತೇ ದುಡ್ಡು ತೆಗೆದುಕೊಂಡು ಹೋಗುವ ರೈತರಿಗೆ ಬೇರೆ ಲೆಡ್ಜರ್ ಬೇಡ, ಪಟ್ಟಿಯಲ್ಲಿ ಹೆಸರು ಊರು ಇದ್ದರೆ ಸಾಕು. ಮುಂಗಡ ಇರುವವರಿಗೆ, ಬಾಕಿ ಇರುವವರಿಗೆ ಮಾತ್ರ ಲೆಡ್ಜರ್. ಹೆಸರಿನ ಜೊತೆ ತಂದೆ ಹೆಸರು, ಊರು, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ಚೀಲಕ್ಕೂ ಕ್ವಿಂಟಲ್‌ಗೂ ಗಟ್ಟಿ ಗಂಟು ಹಾಕಲಿಲ್ಲ, ಯಾಕೆಂದರೆ ರೈತ ತುಂಬಿದ ಚೀಲ ಒಂದೊಂದೂ ಒಂದೊಂದು ತೂಕ. ಬಿಲ್ ಯಾರ ಹೆಸರಲ್ಲಿ ಹೋಗುತ್ತದೆ, ಪೂರ್ತಿ ಮೊತ್ತ ವಹಿವಾಟೋ ಬರೀ ಕಮಿಷನ್ ವಹಿವಾಟೋ ಅನ್ನುವುದನ್ನು ಆಡಿಟರ್ ಹತ್ತಿರ ಕೂತು ಕೇಳಿಕೊಂಡು ಹಾಕಿದೆವು. ಅಂಥ ಕಡೆ ನಾವು ಊಹೆ ಮಾಡಬಾರದು. ಆಡಿಟರ್ ಬಗ್ಗೆ ಒಂದು ಮಾತು: ಅವರನ್ನು ಎದುರಾಳಿ ಅಂತ ನೋಡಬೇಡಿ. ಅವರಿಗೆ ಮಾರ್ಚ್ ಮುಗಿದ ಮೇಲೆ ಶುದ್ಧವಾದ ಪುಸ್ತಕ ಸಿಕ್ಕರೆ ಮುಂದಿನ ಗಿರಾಕಿಯನ್ನು ಅವರೇ ಕಳಿಸುತ್ತಾರೆ. ನನ್ನ ಇಪ್ಪತ್ತೆರಡರಲ್ಲಿ ಒಂಬತ್ತು ಹಾಗೆ ಬಂದದ್ದು.

ತೆರಿಗೆ ನಿಯಮ ಬದಲಾಗುವುದೇ ನಮಗೆ ಕೆಲಸ ತರುತ್ತದೆ. ಅಪ್ಪನ ಕಾಲದಲ್ಲಿ ಸೇಲ್ಸ್ ಟ್ಯಾಕ್ಸ್ ಇತ್ತು. 2005ರಲ್ಲಿ ವ್ಯಾಟ್ ಬಂತು, 2017ರ ಜುಲೈ 1ಕ್ಕೆ ಜಿಎಸ್‌ಟಿ. ಆಮೇಲೆ ಮಾಲು ಸಾಗಿಸಲು ಇ-ವೇ ಬಿಲ್, ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಬೇಕಾದ ಬಿಲ್, ಅಂದರೆ ಇ-ಇನ್‌ವಾಯ್ಸ್. ಅಕ್ಕಿಯದೇ ನೋಡಿ. 2022ರ ಜುಲೈ 18ರಿಂದ ಹೆಸರು ಹಾಕಿ ಪ್ಯಾಕ್ ಮಾಡಿದ 25 ಕಿಲೋವರೆಗಿನ ಅಕ್ಕಿ ಚೀಲಕ್ಕೆ 5 ಪರ್ಸೆಂಟ್ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಅಂಗಡಿಯಲ್ಲಿ 26 ಕಿಲೋ ಚೀಲ ನೋಡಿದ್ದೀರಲ್ಲ, ಅದು ಹುಟ್ಟಿದ್ದು ಹೀಗೆ. ಗಿರಣಿಯ ಲೆಕ್ಕದಲ್ಲಿ ಒಂದೇ ಸೋನಾ ಮಸೂರಿ, 25ರ ಚೀಲ ಬೇರೆ ಐಟಂ, 26ರ ಚೀಲ ಬೇರೆ ಐಟಂ. ಎರಡನ್ನೂ ಒಂದೇ ಹೆಸರಲ್ಲಿ ಇಟ್ಟರೆ ತಿಂಗಳ ಕೊನೆಗೆ ಯಾವ ಚೀಲಕ್ಕೆ ತೆರಿಗೆ ಕಟ್ಟಬೇಕು ಅಂತ ಹುಡುಕುತ್ತಾ ಕೂರಬೇಕು.

ಕಳೆದ ವರ್ಷದ ನವರಾತ್ರಿ ಮೊದಲ ದಿನ ನಿಮಗೆ ನೆನಪಿರಬಹುದು. 2025ರ ಸೆಪ್ಟೆಂಬರ್ 22. ಅವತ್ತು ಜಿಎಸ್‌ಟಿ ದರಗಳು ಬದಲಾದವು. 12ರ ದರ, 28ರ ದರ ಎರಡೂ ಬಹುತೇಕ ಹೋದವು. ಹಿಂದಿನ ರಾತ್ರಿ ನಾನು ಚೌಕಿಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಎರಡು ಗಂಟೆವರೆಗೂ ಕೂತಿದ್ದೆ. ಸಿದ್ಧ ಉಡುಪಿಗೆ ಒಂದು ಪೀಸ್ 2,500 ರೂಪಾಯಿವರೆಗೆ 5, ಅದರ ಮೇಲೆ 18. ಇದು ರಿಯಾಯಿತಿ ಕಳೆದ ಮೇಲಿನ ಬೆಲೆಗೆ. ಅಂದರೆ 2,800ರ ಅಂಗಿಗೆ 15 ಪರ್ಸೆಂಟ್ ಕಡಿಮೆ ಮಾಡಿದರೆ 2,380, ಆಗ 5 ಪರ್ಸೆಂಟ್ ಸಾಲಿಗೆ ಬರುತ್ತದೆ. ಸೀರೆಗೆ ಈ ಲೆಕ್ಕವೇ ಇಲ್ಲ. ಸೀರೆ ಬಟ್ಟೆ, ಹೊಲಿದ ಉಡುಪಲ್ಲ. ಎಂಟು ನೂರಿನದಾಗಲಿ ಎಂಬತ್ತು ಸಾವಿರದ್ದಾಗಲಿ 5 ಪರ್ಸೆಂಟ್. ಬೆಳಿಗ್ಗೆ ಪಕ್ಕದ ಬೀದಿಯ ಇನ್ನೊಂದು ಅಂಗಡಿಯಿಂದ ಫೋನ್ ಬಂತು. ಅಲ್ಲಿ ಅವಸರದಲ್ಲಿ ಒಬ್ಬ ಹುಡುಗ ಎಲ್ಲಾ ಜವಳಿಗೂ ಒಂದೇ ನಿಯಮ ಹಾಕಿದ್ದ. ಮದುವೆ ಜವಳಿಗೆ ಬಂದವರ ಮೊದಲ ಬಿಲ್, 8,000 ರೂಪಾಯಿಯ ರೇಷ್ಮೆ ಸೀರೆ, 400 ತೆರಿಗೆ ಬರಬೇಕಾದ ಕಡೆ 1,440 ಬಂದಿತ್ತು. ಹುಡುಗನ ತಪ್ಪಲ್ಲ. ಅವನಿಗೆ ಸೀರೆಗೂ ಚೂಡಿದಾರಕ್ಕೂ ವ್ಯತ್ಯಾಸ ಇದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ 'ಸ್ವತಂತ್ರ' ಅನ್ನುವ ಮಾತಿಗೆ ಬರುತ್ತೇನೆ. ಸ್ವತಂತ್ರ ಅಂದರೆ ಬೆಳಿಗ್ಗೆ ಹತ್ತಕ್ಕೆ ಹಾಜರಿ ಹಾಕಬೇಕಿಲ್ಲ ಅನ್ನುವುದಲ್ಲ. ನಾನು 'ಇದು ತಗೊಳ್ಳಿ' ಅಂದರೂ 'ಇದು ಬೇಡ' ಅಂದರೂ ನನಗೆ ಬರುವ ದುಡ್ಡು ಒಂದೇ ಆಗಿರಬೇಕು. ಅದೇ ಸ್ವಾತಂತ್ರ್ಯ. ಸಾಫ್ಟ್‌ವೇರ್ ಮಾರುವ ಪಾಲುದಾರರು ಇದ್ದಾರೆ, ಅದು ಗೌರವದ ಕೆಲಸವೇ, ಅವರಲ್ಲಿ ಒಳ್ಳೆಯವರು ಬಹಳ ಜನ ಇದ್ದಾರೆ. ಆದರೆ ಮಾರುವವರ ಜೊತೆ ಒಳಗೊಳಗೆ ಕಮಿಷನ್ ಮಾತಾಡಿಕೊಂಡು, ಹೊರಗೆ ಸಲಹೆಗಾರ ಅಂತ ಹೇಳಿಕೊಳ್ಳುವುದು ಸರಿಯಲ್ಲ.

ಮೊದಲ ವರ್ಷ ನಾನು ಇದನ್ನು ಮಾಡಿದ್ದೇನೆ. ಕೈಯಲ್ಲಿ ನಾಲ್ಕೇ ಅಂಗಡಿ ಇದ್ದವು, ಮನೆ ಬಾಡಿಗೆ ಕಟ್ಟಬೇಕಿತ್ತು. ಒಬ್ಬ ಮಾರಾಟಗಾರರು 'ನೀವು ಹೇಳಿದ್ರೆ ತಗೋತಾರೆ, ನಿಮ್ಮ ಪಾಲು ನಿಮಗೆ' ಅಂದರು. ಒಂದು ಹಾರ್ಡ್‌ವೇರ್ ಅಂಗಡಿಗೆ ಗೋಲ್ಡ್ ಲೈಸೆನ್ಸ್ ಹಾಕಿಸಿದೆ. ಗೋಲ್ಡ್ ಅಂದರೆ ಹಲವು ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಕೆಲಸ ಮಾಡುವಂಥದ್ದು. ಅವರಿಗೆ ಬೇಕಾಗಿದ್ದು ಸಿಲ್ವರ್, ಒಂದೇ ಕಂಪ್ಯೂಟರ್‌ನದು. ಮುಂದೆ ಹೋದಾಗಲೆಲ್ಲ ಆ ಎರಡನೇ ಕಂಪ್ಯೂಟರ್ ಮೇಲೆ ಬಟ್ಟೆ ಮುಚ್ಚಿರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ಮುಖ ನೆನಪಾಗುತ್ತಿತ್ತು. ಮೂರು ವರ್ಷದ ಮೇಲೆ ಸಾವ್ಕಾರರ ಮುಂದೆ ಕೂತು ಹೇಳಿಬಿಟ್ಟೆ, ನನಗೆ ಬಂದಿದ್ದ ದುಡ್ಡನ್ನು ಮುಂದಿನ ನಾಲ್ಕು ತಿಂಗಳ ಫೀಸಿನಲ್ಲಿ ಮುರಿದುಕೊಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆತು ಬಿಡವಾ, ಈಗಾದ್ರೂ ಹೇಳಿದ್ಯಲ್ಲ' ಅಂದರು. ಈಗಲೂ ಆ ಅಂಗಡಿಗೆ ಹೋಗುತ್ತೇನೆ.

ಬೇಡ ಅಂತ ಹೇಳಲು ನಿಯಮ ಸರಿಯಾಗಿ ಓದಿರಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು, ಅದನ್ನು ಆಫ್ ಮಾಡಲು ಬರಬಾರದು ಅನ್ನುವ ನಿಯಮ ಬಂತು. ಅದು ಕಂಪನಿ ಕಾಯ್ದೆಯಲ್ಲಿ ನೋಂದಣಿ ಆದ ಕಂಪನಿಗಳಿಗೆ. ಪ್ರೈವೇಟ್ ಲಿಮಿಟೆಡ್ ಆಗಿರುವ ಅಕ್ಕಿ ಗಿರಣಿಗೆ ಬೇಕು. ಅಣ್ಣತಮ್ಮಂದಿರ ಪಾಲುದಾರಿಕೆಯ ಅಂಗಡಿಗೆ ಆ ನಿಯಮ ಇಲ್ಲ. ಆದರೆ ಊರಲ್ಲಿ ಎಲ್ಲರಿಗೂ 'ಹೊಸ ಸಾಫ್ಟ್‌ವೇರ್ ತಗೊಳ್ಳದಿದ್ರೆ ದಂಡ ಬೀಳುತ್ತೆ' ಅನ್ನುವ ಸುದ್ದಿ ಹಬ್ಬಿತ್ತು. ಆ ವಾರ ನನ್ನ ಕೆಲಸ ಬರೀ 'ನಿಮಗಲ್ಲ, ಹೆದರಬೇಡಿ' ಅನ್ನುವುದೇ ಆಗಿತ್ತು.

ಇ-ಇನ್‌ವಾಯ್ಸ್ ವಿಷಯದಲ್ಲಿ ಉಲ್ಟಾ. 2020ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 500 ಕೋಟಿ ಮೇಲೆ ವಹಿವಾಟು ಇರುವವರಿಗೆ ಶುರುವಾದದ್ದು ಇಳಿಯುತ್ತಾ ಇಳಿಯುತ್ತಾ 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. ಒಬ್ಬ ಮೆಕ್ಕೆಜೋಳದ ವ್ಯಾಪಾರಿ 'ನಮ್ಮ ಮಾಲಿಗೆ ತೆರಿಗೆನೇ ಇಲ್ಲ, ನಮಗ್ಯಾಕೆ' ಅಂತ ನಿಶ್ಚಿಂತೆಯಿಂದ ಇದ್ದರು. ಅವರಿಗೆ ಪಕ್ಕದಲ್ಲೇ ಒಂದು ಕೀಟನಾಶಕದ ಸಗಟು ವ್ಯಾಪಾರವೂ ಇದೆ, ಒಂದೇ ಪ್ಯಾನ್ ನಂಬರ್. 5 ಕೋಟಿ ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಜೋಳದ ವಹಿವಾಟೂ ಸೇರುತ್ತದೆ. 2017-18ರಿಂದ ಈಚೆಗೆ ಯಾವ ಒಂದು ವರ್ಷ ದಾಟಿದ್ದರೂ ಸಾಕು. ಹಾಗಾಗಿ ಜೋಳಕ್ಕೆ ಬೇಡ, ಆದರೆ ಬೇರೆ ಅಂಗಡಿಗಳಿಗೆ ಮಾರುವ ಕೀಟನಾಶಕದ ಬಿಲ್ಲಿಗೆ ಬೇಕೇ ಬೇಕು. ಅದನ್ನು ಹೇಳಿದಾಗ ಅವರಿಗೆ ಬೇಸರವಾಯಿತು. ಹೇಳಲೇಬೇಕಿತ್ತು.

ಔಷಧಿ ಏಜೆನ್ಸಿಯೊಂದಕ್ಕೆ ನಾನು ಟ್ಯಾಲಿ ಬೇಡ ಅಂತಲೇ ಹೇಳಿದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ, ವಾಪಸ್ ಬರುವ ಮಾಲು, ಇದೇ ಅವರ ದಿನದ ಕೆಲಸ. ಆ ವ್ಯಾಪಾರದಲ್ಲಿ ಮಾರ್ಗ್ ಅನ್ನುವ ಬೇರೆ ಸಾಫ್ಟ್‌ವೇರ್ ಬಳಸುವವರು ಜಾಸ್ತಿ, ಅದನ್ನು ಬಲ್ಲ ಹುಡುಗರೂ ಸಿಗುತ್ತಾರೆ. ನನಗೆ ಅದು ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಹೋದರೆ ಹೋಗಲಿ ಅಂದುಕೊಂಡು ಹೇಳಿದೆ. ಆಮೇಲೆ ಅವರ ಜೊತೆಗೇ ಕೂತು ಕಲಿತೆ.

ಇನ್ನೊಂದು ಮುಖ್ಯವಾದ ವಿಷಯ. ಡೇಟಾ ವ್ಯಾಪಾರಿಯದು. ಪಾಸ್‌ವರ್ಡ್ ಕೂಡ ವ್ಯಾಪಾರಿಯದು. ಟ್ಯಾಲಿಯಲ್ಲಿ ವಾಲ್ಟ್ ಪಾಸ್‌ವರ್ಡ್ ಅಂತ ಇದೆ. ಅದು ಮರೆತರೆ ಡೇಟಾ ತೆರೆಯಲು ದಾರಿಯೇ ಇಲ್ಲ. ಆ ಪಾಸ್‌ವರ್ಡ್ ತಾವು ಮಾತ್ರ ಇಟ್ಟುಕೊಂಡು ಅಂಗಡಿಯವರನ್ನು ಕಟ್ಟಿಹಾಕುವವರನ್ನು ನೋಡಿದ್ದೇನೆ. ನಾನು ಒಂದು ಕಾಗದದಲ್ಲಿ ಎಲ್ಲಾ ಪಾಸ್‌ವರ್ಡ್ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಸಾವ್ಕಾರರ ಕೈಗೆ ಕೊಟ್ಟು ತಿಜೋರಿಯಲ್ಲಿ ಇಡಿಸುತ್ತೇನೆ. ನಾಳೆ ನನಗೆ ಏನಾದರೂ ಆದರೆ ಇನ್ನೊಬ್ಬರು ಬಂದು ಕೆಲಸ ಮುಂದುವರಿಸಬೇಕು.

ಬ್ಯಾಕಪ್ ವಿಷಯದಲ್ಲಿ ನನ್ನಿಂದ ಆದ ತಪ್ಪನ್ನು ಮುಚ್ಚಿಡುವುದಿಲ್ಲ. ಹರಿಹರದ ಒಂದು ಅಂಗಡಿಗೆ ದಿನಾ ಸಂಜೆ ಪೆನ್‌ಡ್ರೈವ್‌ಗೆ ಬ್ಯಾಕಪ್ ಹೋಗುವಂತೆ ಮಾಡಿದ್ದೆ. ಪೆನ್‌ಡ್ರೈವ್ ತೆಗೆದು ಬೇರೆ ಕಡೆ ಇಡಿ ಅಂತ ಬಾಯಲ್ಲಿ ಹೇಳಿದ್ದೆ, ಆದರೆ ಇಡುತ್ತಾರಾ ಅಂತ ಒಂದು ದಿನವೂ ನೋಡಲಿಲ್ಲ. ಅದು ಕಂಪ್ಯೂಟರಿಗೇ ಚುಚ್ಚಿಕೊಂಡು ಇತ್ತು. ಒಂದು ಸೋಮವಾರ ಬೆಳಿಗ್ಗೆ ಯಾವುದೋ ಇಮೇಲ್ ತೆರೆದು ವೈರಸ್ ಬಂತು. ಕಡತಗಳಿಗೆಲ್ಲ ಬೀಗ ಬಿತ್ತು, ಬಿಚ್ಚಲು ದುಡ್ಡು ಕೇಳುವ ಬರಹ ಪರದೆ ಮೇಲೆ. ಪೆನ್‌ಡ್ರೈವ್‌ನ ಬ್ಯಾಕಪ್‌ಗೂ ಅದೇ ಗತಿ. ಆಡಿಟರ್ ಹತ್ತಿರ ಮಾರ್ಚ್‌ವರೆಗಿನ ಪ್ರತಿ ಇತ್ತು. ಆಗ ಜೂನ್ ತಿಂಗಳು. ಏಪ್ರಿಲ್‌ನಿಂದ ಇದ್ದ ಕಾಗದದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಪೋರ್ಟಲ್‌ನಲ್ಲಿ ಕಳಿಸಿದ್ದ ರಿಟರ್ನ್ ಇಟ್ಟುಕೊಂಡು ಹನ್ನೊಂದು ರಾತ್ರಿ ಕೂತು ಮತ್ತೆ ಬರೆದೆವು. ಅದಕ್ಕೆ ನಾನು ಫೀಸ್ ತೆಗೆದುಕೊಳ್ಳಲಿಲ್ಲ. ಉದ್ರಿ ಕೊಟ್ಟ ಕೆಲವು ಚೀಟಿಗಳು ಸಿಗಲೇ ಇಲ್ಲ, ಆ ದುಡ್ಡು ಅಂಗಡಿಗೆ ಹೋಯಿತು. ಈಗ ಎರಡು ಪೆನ್‌ಡ್ರೈವ್, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ, ದಿನ ಬಿಟ್ಟು ದಿನ ಬದಲಾವಣೆ. ಜೊತೆಗೆ ತಿಂಗಳಿಗೊಮ್ಮೆ ನಾನೇ ಬ್ಯಾಕಪ್ ತೆಗೆದುಕೊಂಡು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ಈಗ ನಾನು ನಂಬುವುದಿಲ್ಲ.

'ಎರಡನೇ ಲೆಕ್ಕ' ಮಾಡಿಕೊಡಿ ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. ಬಿಲ್ ಇಲ್ಲದ ವ್ಯಾಪಾರಕ್ಕೆ ಸಾಫ್ಟ್‌ವೇರ್‌ನಲ್ಲಿ ಬೇರೆ ಕಂಪನಿ, ಬೇರೆ ಪಾಸ್‌ವರ್ಡ್. ನಾನು ಮಾಡುವುದಿಲ್ಲ. ವಾದ ಮಾಡುವುದಿಲ್ಲ, ಬುದ್ಧಿ ಹೇಳುವುದಿಲ್ಲ, 'ನನಗೆ ಆ ಕೆಲಸ ಬೇಡ ಅಣ್ಣ' ಅಂದು ಎದ್ದು ಬರುತ್ತೇನೆ. ಮೂರು ಅಂಗಡಿ ಹೀಗೆ ಹೋಗಿವೆ.

ಫೀಸಿನ ಬಗ್ಗೆ ನೀವು ಕೇಳಲು ಸಂಕೋಚ ಪಡುತ್ತೀರಿ, ನಾನೇ ಹೇಳುತ್ತೇನೆ. 'ನಾಲ್ಕು ಗುಂಡಿ ಒತ್ತಿದ್ದಕ್ಕೆ ಇಷ್ಟಾ?' ಅನ್ನುವ ಮಾತು ಬರುತ್ತದೆ. ಯಾವ ನಾಲ್ಕು ಗುಂಡಿ ಅಂತ ತಿಳಿಯಲು ಎಂಟು ವರ್ಷ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆದಿದ್ದೇನೆ. ಈಗ ಮೊದಲ ಭೇಟಿಗೆ, ಅಂದರೆ ಗೋಡೌನ್ ನೋಡುವ ದಿನಕ್ಕೆ, 1,500 ರೂಪಾಯಿ. ಆಮೇಲೆ ಕೆಲಸ ನನಗೆ ಕೊಡದಿದ್ದರೂ ಪರವಾಗಿಲ್ಲ. ತಿಂಗಳ ಫೀಸ್ ಅಂಗಡಿ ನೋಡಿ. ಹಳೆಯ ಲೆಕ್ಕ ಸ್ವಚ್ಛ ಮಾಡುವುದು ಬೇರೆ ಮಾತು. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡುತ್ತೇನೆ: ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಯಾವ ತಾರೀಖಿಗೆ ಫೀಸ್. ಫೋನ್ ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ತಿಂಗಳ 11ಕ್ಕೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ, ಆ ಎರಡು ತಾರೀಖುಗಳ ಹಿಂದಿನ ದಿನ ಹೊಸ ಕೆಲಸ ಒಪ್ಪುವುದಿಲ್ಲ. ಆದಾಯ ಒಂದೇ ಸಮ ಇರುವುದಿಲ್ಲ. ಏಪ್ರಿಲ್, ಸೆಪ್ಟೆಂಬರ್ ತುಂಬಿ ಹರಿಯುತ್ತದೆ, ನಡುವೆ ಕೆಲವು ತಿಂಗಳು ಒಣಗುತ್ತದೆ. ಆರು ತಿಂಗಳ ಮನೆ ಖರ್ಚು ಕೈಯಲ್ಲಿ ಇಟ್ಟುಕೊಂಡು ಕೆಲಸ ಬಿಡಿ. ನಿಮ್ಮದೂ ಒಂದು ವ್ಯಾಪಾರ, ನಿಮ್ಮ ಪುಸ್ತಕವನ್ನೂ ಬರೆಯಿರಿ. ಸೇವೆಯ ಆದಾಯ ವರ್ಷಕ್ಕೆ 20 ಲಕ್ಷ ದಾಟಿದರೆ ನೀವೂ ಜಿಎಸ್‌ಟಿಗೆ ಬರುತ್ತೀರಿ.

ಕಲಿಯಲು ದುಡ್ಡು ಬೇಕಿಲ್ಲ. ಟ್ಯಾಲಿಯನ್ನು ಎಜುಕೇಷನ್ ಮೋಡ್‌ನಲ್ಲಿ ಉಚಿತವಾಗಿ ಹಾಕಿಕೊಳ್ಳಬಹುದು. ತಿಂಗಳ 1, 2 ಮತ್ತು 31ನೇ ತಾರೀಖಿನ ಎಂಟ್ರಿ ಮಾತ್ರ ಹಾಕಲು ಬರುತ್ತದೆ, ಅಭ್ಯಾಸಕ್ಕೆ ಅಷ್ಟು ಸಾಕು. ಎಕ್ಸೆಲ್ ಚೆನ್ನಾಗಿ ಕಲಿಯಿರಿ.

ಕೊನೆಯಲ್ಲಿ ಎರಡು ಪ್ರಶ್ನೆ ಬಂದವು. ಹಿಂದಿನ ಸಾಲಿನ ಒಬ್ಬ ಹುಡುಗ 'ಮೊದಲ ಗಿರಾಕಿ ಹೇಗೆ ಸಿಗೋದು ಮೇಡಂ?' ಅಂದ. ನಿಮ್ಮ ಬೀದಿಯ ಪರಿಚಯದ ಅಂಗಡಿಗೆ ಹೋಗಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಅವರ ಲೆಕ್ಕದ ಜೊತೆ ತಾಳೆ ಮಾಡಿಕೊಡುತ್ತೇನೆ ಅನ್ನಿ ಅಂದೆ. ಕೂಡಿಸುತ್ತಾ ಹೋದರೆ ಬ್ಯಾಂಕಿನವರು ಮುರಿದ ಚಾರ್ಜು, ಎರಡು ಸಲ ಹಾಕಿದ ಯುಪಿಐ, ಬೌನ್ಸ್ ಆದ ಚೆಕ್ ಏನಾದರೂ ಒಂದು ಸಿಗುತ್ತದೆ. ಅದನ್ನು ತೋರಿಸಿದ ದಿನ ಅವರು ನಿಮಗೆ ಕುರ್ಚಿ ಕೊಡುತ್ತಾರೆ.

ಇನ್ನೊಬ್ಬಳು, 'ಹುಡುಗೀರು ಮಂಡಿಗೆ ಹೋಗಿ ಕೂರೋಕಾಗುತ್ತಾ ಮೇಡಂ?' ಅಂತ ಕೇಳಿದಳು. ಆಗುತ್ತದೆ, ಆದರೆ ಸುಲಭ ಅಂತ ಸುಳ್ಳು ಹೇಳಲಾರೆ. ಮೊದಲ ವರ್ಷ ನಾನು ಪ್ರಶ್ನೆ ಕೇಳಿದರೆ ನನ್ನ ಜೊತೆ ಬಂದ ತಮ್ಮನ ಮುಖ ನೋಡಿ ಉತ್ತರ ಹೇಳುತ್ತಿದ್ದರು. ಅವನಿಗೆ ಲೆಕ್ಕದ ಗಂಧವೂ ಇರಲಿಲ್ಲ. ಎಷ್ಟೋ ಕಡೆ ಶೌಚಾಲಯ ಇರುವುದಿಲ್ಲ, ಹಾಗಾಗಿ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಮುಗಿಸುವಂತೆ ವೇಳೆ ಹಾಕಿಕೊಂಡೆ. ನನಗೆ ಮೊದಲು ದಾರಿ ಬಿಟ್ಟವರು ಹಳೆಯ ಗುಮಾಸ್ತರು. ರೋಕಡ ತಾಳೆ ಆಗದ ಒಂದು ದಿನ ತಪ್ಪು ಹುಡುಕಿಕೊಟ್ಟೆ, ಅವರು ತಮ್ಮ ಪಕ್ಕದಲ್ಲಿ ಗಾದಿ ಹಾಸಿದರು.

ಕಾರ್ಯಕ್ರಮ ಮುಗಿದ ಮೇಲೆ ಅದೇ ಹುಡುಗಿ ನನ್ನ ಸ್ಕೂಟಿ ಹತ್ತಿರ ಬಂದಳು. ಅವಳ ಅಪ್ಪನದು ಮಂಡಕ್ಕಿ ಭಟ್ಟಿ. ಭತ್ತ ಬರುವುದು ಕ್ವಿಂಟಲ್‌ನಲ್ಲಿ, ಮಂಡಕ್ಕಿ ಹೋಗುವುದು ಚೀಲದಲ್ಲಿ. ಒಂದು ಕ್ವಿಂಟಲ್‌ಗೆ ಎಷ್ಟು ಚೀಲ ಅಂತ ಕೇಳಿದರೆ ಅಪ್ಪ ಒಂದು ಹೇಳುತ್ತಾರೆ, ಭಟ್ಟಿಯವರು ಒಂದು ಹೇಳುತ್ತಾರೆ, ಸಾಫ್ಟ್‌ವೇರ್ ಇನ್ನೊಂದು ತೋರಿಸುತ್ತದೆ, ಯಾವುದನ್ನು ಹಾಕಲಿ ಅಂದಳು. ಭಟ್ಟಿ ಹೊತ್ತಿಸುವುದು ಎಷ್ಟು ಹೊತ್ತಿಗೆ ಅಂತ ಕೇಳಿದೆ. ಬೆಳಗಿನ ಜಾವ ಅಂತೆ. ಭಾನುವಾರ ಬರುತ್ತೇನೆ, ಒಂದು ತಕ್ಕಡಿ ಹೊಂದಿಸಿಡು ಅಂದಿದ್ದೇನೆ.